ಆನಿ ಬೆಸೆಂಟ್: ಶಿಬಿರದ ಬಾಗಿಲು ತೆರೆಸಿದವರು, ಶಾಲೆಯ ಬಾಗಿಲು ಕಾಯ್ದವರು

ದೊಡ್ಡಬಳ್ಳಾಪುರದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳು ನಡೆಯುವ ಜಾಗಕ್ಕೆ ಡಾ. ಆನಿ ಬೆಸೆಂಟ್ ಪಾರ್ಕ್ ಅಂತ ಹೆಸರು. ರಾಜ್ಯದ ಎಷ್ಟೋ ಶಾಲೆಗಳ ಮಕ್ಕಳು ಅಲ್ಲಿ ಟೆಂಟ್ ಹಾಕಿದ್ದಾರೆ, ಹಗ್ಗದ ಗಂಟುಗಳನ್ನು ಕಲಿತಿದ್ದಾರೆ, ರಾತ್ರಿ ಶಿಬಿರಾಗ್ನಿಯ ಸುತ್ತ ಕೂತು ಹಾಡಿದ್ದಾರೆ. ಈ ಬೆಸೆಂಟ್ ಯಾರು ಅಂತ ಕೇಳಿದರೆ ಪಠ್ಯಪುಸ್ತಕದ ಎರಡು ಸಂಗತಿ ನೆನಪಾಗುತ್ತವೆ: ಹೋಂ ರೂಲ್ ಚಳವಳಿ ಕಟ್ಟಿದವರು, ಕಾಂಗ್ರೆಸ್ಸಿನ ಮೊದಲ ಮಹಿಳಾ ಅಧ್ಯಕ್ಷೆ. ಸರಿ. ಆದರೆ ಲಂಡನ್ನಿನಲ್ಲಿ ಹುಟ್ಟಿದ ಹೆಂಗಸಿನ ಹೆಸರು ಕರ್ನಾಟಕದ ಮಕ್ಕಳ ಶಿಬಿರದ ಮೇಲೆ ಯಾಕಿದೆ?

ಉತ್ತರ ಹುಡುಕಲು ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ದಂಡಿಗೆ ಬರಬೇಕು. ಯಾಕಂದರೆ ಭಾರತದಲ್ಲಿ ಸ್ಕೌಟಿಂಗ್ ಶುರುವಾಗಿದ್ದೇ ಇಲ್ಲಿ. ಅದೂ ನಮ್ಮ ಮಕ್ಕಳನ್ನು ಹೊರಗಿಟ್ಟು.

ದಂಡಿನ ಮಕ್ಕಳಿಗೆ ಮಾತ್ರ

1909. ಬೆಂಗಳೂರು ಆಗ ಒಂದೇ ಊರಾಗಿರಲಿಲ್ಲ. ಕಬ್ಬನ್ ಪಾರ್ಕಿನ ಪಶ್ಚಿಮಕ್ಕೆ ಪೇಟೆ. ಅದು ಮೈಸೂರು ಮಹಾರಾಜರ ಆಡಳಿತ. ಪೂರ್ವಕ್ಕೆ ದಂಡು, ಅದು ಬ್ರಿಟಿಷರದು. 1809ರಲ್ಲಿ ಹುಟ್ಟಿದ ಈ ದಂಡು ಪ್ರದೇಶವನ್ನು, 1881ರಲ್ಲಿ ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗಲೂ ಬ್ರಿಟಿಷರು ಬಿಟ್ಟುಕೊಡಲಿಲ್ಲ. ಹಲಸೂರು ಕೆರೆ, ಇವತ್ತು ಶಿವಾಜಿನಗರ ಎಂದು ಕರೆಯುವ ಬ್ಲಾಕ್‌ಪಳ್ಳಿ, ಪೆರೇಡ್ ಮೈದಾನ, ಬ್ಯಾರಕ್ಕುಗಳು ಎಲ್ಲವೂ ರೆಸಿಡೆಂಟ್ ಸಾಹೇಬರ ಕೈಕೆಳಗಿದ್ದವು. ಕೆ.ಆರ್. ಪುರ ದಾಟಿದರೆ ವೈಟ್‌ಫೀಲ್ಡ್. ಚಾಮರಾಜೇಂದ್ರ ಒಡೆಯರ್ 1882ರಲ್ಲಿ ಕೊಟ್ಟ ಜಮೀನಿನಲ್ಲಿ ಡಿ.ಎಸ್. ವೈಟ್ ಅವರ ನೇತೃತ್ವದಲ್ಲಿ ಆಂಗ್ಲೋ ಇಂಡಿಯನ್ನರು ಕಟ್ಟಿಕೊಂಡ ಊರು ಅದು.

ಈ ದಂಡಿನ ಊರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಎಂಬ ಅಧಿಕಾರಿ 1909ರಲ್ಲಿ ಒಂದು ಸ್ಕೌಟ್ ದಳ ಕಟ್ಟಿ, ಲಂಡನ್ನಿನ ಕೇಂದ್ರ ಕಚೇರಿಯಲ್ಲಿ ನೋಂದಾಯಿಸಿದರು. ಭಾರತದ ಮೊದಲ ದಳ ಅದು. ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಯೋಗ ಶಿಬಿರ ನಡೆಸಿದ್ದು 1907ರಲ್ಲಿ, ಪುಸ್ತಕ ಹೊರಬಂದಿದ್ದು 1908ರಲ್ಲಿ. ಅಂದರೆ ಒಂದೇ ವರ್ಷದಲ್ಲಿ ಆ ಐಡಿಯಾ ಬೆಂಗಳೂರು ತಲುಪಿತ್ತು. ಒಂದು ಲೆಕ್ಕದಲ್ಲಿ ಅದು ವಾಪಸ್ ಬಂದಿತ್ತು ಅಂತಲೂ ಹೇಳಬಹುದು. ಸೈನಿಕರಿಗೆ ಜಾಡು ಹಿಡಿಯುವುದು, ನಕ್ಷೆ ಓದುವುದು, ಸಣ್ಣ ತಂಡಗಳಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವುದು ಇವನ್ನೆಲ್ಲ ಬೇಡನ್ ಪವೆಲ್ ಕಲಿಸಿ ಪಳಗಿದ್ದು ಭಾರತದಲ್ಲಿದ್ದ ತಮ್ಮ ರೆಜಿಮೆಂಟುಗಳಲ್ಲಿ.

ಬೆಂಗಳೂರಿನ ನಂತರ ಕಿರ್ಕಿ, ಶಿಮ್ಲಾ, ಮದ್ರಾಸ್, ಜಬಲ್ಪುರಗಳಲ್ಲೂ ದಳಗಳು ಹುಟ್ಟಿದವು. ಎಲ್ಲ ಕಡೆ ನಿಯಮ ಒಂದೇ: ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ಪ್ರವೇಶ. ಸ್ಕೌಟ್ ಆದವನು ಯಾವ ವರ್ಗಕ್ಕೇ ಸೇರಿರಲಿ, ಉಳಿದ ಸ್ಕೌಟ್‌ಗಳಿಗೆ ಸಹೋದರ ಎಂದು ಬೇಡನ್ ಪವೆಲ್ ಅವರ ನಿಯಮ ಹೇಳುತ್ತಿತ್ತು. ಆದರೆ ದಂಡಿನ ಬಟ್ಲರನ ಮಗ, ಹಲಸೂರಿನ ತಮಿಳು ಸಿಪಾಯಿಯ ಮಗ, ಬ್ಲಾಕ್‌ಪಳ್ಳಿಯ ಅಂಗಡಿಯವನ ಮಗ ಈ ಸಹೋದರತ್ವದ ಲೆಕ್ಕಕ್ಕೇ ಬರಲಿಲ್ಲ.

ಇದು ಬರೀ ಬಿಳಿಯರ ಧಿಮಾಕು ಅಲ್ಲ, ಭಯವೂ ಹೌದು. ಬಂಗಾಳ ವಿಭಜನೆಯ ಬಿಸಿ ಇನ್ನೂ ಆರಿರಲಿಲ್ಲ. ಅಲ್ಲಿನ ರಹಸ್ಯ ಸಂಘಗಳ ಹುಡುಗರು ವ್ಯಾಯಾಮ ಶಾಲೆಗಳ ಹೆಸರಲ್ಲೇ ಒಂದುಗೂಡುತ್ತಿದ್ದರು. ಅಂಥ ಹೊತ್ತಲ್ಲಿ ಭಾರತೀಯ ಹುಡುಗರಿಗೆ ಸಂಕೇತ ಕಳಿಸೋದು, ನಕ್ಷೆ ಬಿಡಿಸೋದು, ಕಾಡಲ್ಲಿ ಬದುಕೋದು ಕಲಿಸಿದರೆ ನಾಳೆ ಅದು ತಮಗೇ ತಿರುಗುಬಾಣವಾಗುತ್ತೆ ಎಂಬ ಲೆಕ್ಕ ಸರ್ಕಾರದ್ದು.

ಪ್ರಮಾಣ ವಚನದ ಜಗಳದಲ್ಲಿ ಬೆಳೆದವರು

ಈ ಬಾಗಿಲಿಗೆ ಕೈ ಹಾಕಿದ ಬೆಸೆಂಟ್ ಆ ಹೊತ್ತಿಗೆ ಅರವತ್ತು ದಾಟಿದ್ದರು. ಅವರ ಹಿಂದೆ ಎರಡು ಮೂರು ಜನ್ಮಕ್ಕಾಗುವಷ್ಟು ಜಗಳಗಳಿದ್ದವು.

ಹುಟ್ಟಿದ್ದು 1847ರ ಅಕ್ಟೋಬರ್ 1ರಂದು. ಹುಟ್ಟುಹೆಸರು ಆನಿ ವುಡ್, ಐರಿಷ್ ಮೂಲದ ಮನೆತನ. ಐದನೇ ವಯಸ್ಸಿಗೆ ತಂದೆ ತೀರಿಕೊಂಡರು. ಇಪ್ಪತ್ತಕ್ಕೆ ಪಾದ್ರಿ ಫ್ರಾಂಕ್ ಬೆಸೆಂಟ್ ಜೊತೆ ಮದುವೆ, ಇಬ್ಬರು ಮಕ್ಕಳು. ದೇವರ ಮೇಲಿನ ನಂಬಿಕೆ ಹೋಯಿತು, ಹಿಂದೆಯೇ ಸಂಸಾರವೂ ಮುರಿಯಿತು. 1873ರಲ್ಲಿ ಗಂಡನ ಮನೆ ಬಿಟ್ಟರು. ಪಾದ್ರಿಯ ಹೆಂಡತಿ ನಾಸ್ತಿಕಳಾದದ್ದು ಆ ಕಾಲದ ಇಂಗ್ಲೆಂಡಿನಲ್ಲಿ ಸಣ್ಣ ಸುದ್ದಿಯಲ್ಲ.

ಅಲ್ಲಿಂದ ಅವರ ಜೊತೆಗಾರರಾದವರು ಚಾರ್ಲ್ಸ್ ಬ್ರಾಡ್ಲಾ. 1877ರಲ್ಲಿ ಇಬ್ಬರೂ ಸೇರಿ ಸಂತಾನ ನಿಯಂತ್ರಣದ ಬಗ್ಗೆ ಒಂದು ಕಿರುಪುಸ್ತಕವನ್ನು ಮರುಮುದ್ರಿಸಿದರು. ಅಶ್ಲೀಲ ಎಂಬ ಆರೋಪದ ಮೇಲೆ ಕೇಸು ಬಿತ್ತು, ಶಿಕ್ಷೆಯೂ ಆಯಿತು. ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ಶಿಕ್ಷೆ ರದ್ದಾಯಿತು. ಆದರೆ ಬೇರೊಂದು ಶಿಕ್ಷೆ ಕಾದಿತ್ತು. ಇಂಥವಳು ಮಗಳನ್ನು ಬೆಳೆಸಲು ಲಾಯಕ್ಕಿಲ್ಲ ಎಂದು 1878ರಲ್ಲಿ ಕೋರ್ಟು ಮಗಳು ಮೇಬಲ್‌ಳನ್ನು ಅವರಿಂದ ಕಿತ್ತುಕೊಂಡಿತು.

1880ರಲ್ಲಿ ಬ್ರಾಡ್ಲಾ ಪಾರ್ಲಿಮೆಂಟಿಗೆ ಆಯ್ಕೆಯಾದರು. ಆದರೆ ದೇವರ ಹೆಸರಲ್ಲಿ ಪ್ರಮಾಣ ವಚನ ಸ್ವೀಕರಿಸುವ ವಿಚಾರಕ್ಕೆ ಗಲಾಟೆ ಎದ್ದು ಸದನದಲ್ಲಿ ಕೂರಲು 1886ರವರೆಗೆ ಕಾಯಬೇಕಾಯಿತು. ಜನ ಆರಿಸಿ ಕಳಿಸಿದರೂ ಒಂದು ಪ್ರತಿಜ್ಞೆಯ ಪದಗಳು ಮನುಷ್ಯನನ್ನು ಹೊರಗೆ ನಿಲ್ಲಿಸಬಲ್ಲವು ಎಂಬುದನ್ನು ಬೆಸೆಂಟ್ ಹತ್ತಿರದಿಂದ ಕಂಡಿದ್ದರು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣ ಕಾರ್ಖಾನೆಯ ಹೆಣ್ಣುಮಕ್ಕಳ ಸ್ಥಿತಿಯ ಬಗ್ಗೆ ಬರೆದರು. ಕೂಲಿ ಅಲ್ಪ, ಅದರಲ್ಲೂ ದಂಡದ ಕಡಿತ, ರಂಜಕದ ವಿಷದಿಂದ ದವಡೆ ಕೊಳೆಯುವ ರೋಗ. ಕಂಪನಿ ಹೆದರಿಸಲು ನೋಡಿತು, ಸುಮಾರು 1,400 ಮಂದಿ ಕೆಲಸ ನಿಲ್ಲಿಸಿ ಹೊರಬಂದರು, ಗೆದ್ದರು. ಬ್ರಿಟನ್ನಿನ ಕಾರ್ಮಿಕ ಚರಿತ್ರೆಯಲ್ಲಿ ಈ ಮುಷ್ಕರಕ್ಕೆ ದೊಡ್ಡ ಜಾಗವಿದೆ. ಅದೇ ವರ್ಷ ಲಂಡನ್ ಸ್ಕೂಲ್ ಬೋರ್ಡ್‌ಗೆ ಚುನಾಯಿತರಾಗಿ, ಹಸಿದ ಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡಬೇಕು ಎಂದು ಹೋರಾಡಿದರು.

ಮರುವರ್ಷವೇ ಇನ್ನೊಂದು ತಿರುವು. ಬ್ಲಾವಟ್‌ಸ್ಕಿಯ ಪ್ರಭಾವಕ್ಕೆ ಸಿಕ್ಕಿ ಬೆಸೆಂಟ್ ಥಿಯಾಸಫಿಸ್ಟ್ ಆದರು. ನಾಸ್ತಿಕ ಗೆಳೆಯರು ತಲೆ ಚಚ್ಚಿಕೊಂಡರು. 1893ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದವರಿಗೆ ಇದೇ ಮನೆಯಾಯಿತು. 1898ರಲ್ಲಿ ಬನಾರಸ್ಸಿನಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ಕಟ್ಟಿದರು. ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಅದೇ ಬುನಾದಿ. 1907ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿದ್ದ ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷೆಯಾದರು.

ಅದೇ 1909, ಇನ್ನೊಂದು ಬಾಗಿಲು

ಇಲ್ಲೇ ಕತೆ ಕಹಿಯಾಗೋದು. ಬೆಂಗಳೂರಿನ ದಂಡಿನಲ್ಲಿ ಬಿಳಿ ಮಕ್ಕಳ ಸ್ಕೌಟ್ ದಳ ಶುರುವಾದ ಅದೇ 1909ರ ಫೆಬ್ರುವರಿಯಲ್ಲಿ, ಮದ್ರಾಸಿನ ಇಂಡಿಯನ್ ರಿವ್ಯೂ ಪತ್ರಿಕೆಯಲ್ಲಿ ಬೆಸೆಂಟ್ ಒಂದು ಲೇಖನ ಬರೆದರು. ವಿಷಯ ಅಂದಿನ ಭಾಷೆಯ 'ಡಿಪ್ರೆಸ್ಡ್ ಕ್ಲಾಸಸ್', ಅಂದರೆ ದಲಿತರ ಉದ್ಧಾರ. ತಾತ್ಪರ್ಯ ಇಷ್ಟು: ದಲಿತ ಮಕ್ಕಳಿಗೆ ಶಿಕ್ಷಣ ಬೇಕು ನಿಜ, ಆದರೆ ಮೇಲ್ಜಾತಿ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕೂರಿಸಬಾರದು. ಅವರ ಆಹಾರ, ಶುಚಿತ್ವ, ಮೈವಾಸನೆ ಇವನ್ನೇ ಕಾರಣವಾಗಿ ಕೊಟ್ಟರು. ತಲೆಮಾರುಗಳ ಶುದ್ಧೀಕರಣ ಆಗದ ಹೊರತು ಅವರ ಸಹವಾಸದಿಂದ ಉಳಿದ ಮಕ್ಕಳಿಗೆ ಹಾನಿ ಎಂಬ ಧಾಟಿ ಅದು.

ಕಾರ್ಖಾನೆಯ ಬಡ ಹುಡುಗಿಯರ ಪರ ನಿಂತವರು, ಸ್ಕೂಲ್ ಬೋರ್ಡಿನಲ್ಲಿ ಬಡ ಮಕ್ಕಳ ಊಟಕ್ಕೆ ಜಗಳವಾಡಿದವರು ಇದನ್ನು ಬರೆದರು ಅನ್ನೋದನ್ನು ನಂಬೋಕೆ ಕಷ್ಟ. ಆದರೂ ಬರೆದರು.

ಆ ಕಾಲವೇ ಹಾಗಿತ್ತು ಬಿಡಿ ಎಂದು ಹೇಳುವವರಿರುತ್ತಾರೆ. ಇಲ್ಲ, ಕಾಲ ಹಾಗಿರಲಿಲ್ಲ. ಬೆಸೆಂಟ್‌ಗಿಂತ ಮೊದಲು ಸೊಸೈಟಿಯ ಅಧ್ಯಕ್ಷರಾಗಿದ್ದ ಕರ್ನಲ್ ಆಲ್ಕಾಟ್ 1894ರಲ್ಲೇ ಮದ್ರಾಸಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಅರ್ಧದಷ್ಟು ಮೀಸಲಾತಿ ಕೊಟ್ಟಾಗಿತ್ತು. ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರ ಎದುರಿಸಿಯೂ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತರಿಗೆ ಶಾಲೆ, ಮನೆ, ಕೆಲಸ ಅಂತ ಓಡಾಡುತ್ತಿದ್ದರು. ಬೇರೆ ಥರ ಯೋಚಿಸುವುದು ಆ ಕಾಲದಲ್ಲೂ ಸಾಧ್ಯವಿತ್ತು. ಬೆಸೆಂಟ್ ಯೋಚಿಸಲಿಲ್ಲ, ಅಷ್ಟೇ. ಹಿಂದೂ ಧರ್ಮದ ಹಿರಿಮೆಯನ್ನು ಎತ್ತಿ ಹಿಡಿಯುವ ಉತ್ಸಾಹದಲ್ಲಿ ಜಾತಿಯ ಸಮರ್ಥನೆಯನ್ನೂ ಹೊತ್ತುಕೊಂಡರು.

ಪೇಟ ಕಟ್ಟಿದ ಸ್ಕೌಟ್‌ಗಳು

ಇನ್ನು 1916ಕ್ಕೆ ಬನ್ನಿ. ಏಪ್ರಿಲ್‌ನಲ್ಲಿ ತಿಲಕರು ಬೆಳಗಾವಿಯಲ್ಲಿ ತಮ್ಮ ಹೋಂ ರೂಲ್ ಲೀಗ್ ಶುರು ಮಾಡಿದರು, ಸೆಪ್ಟೆಂಬರ್‌ನಲ್ಲಿ ಬೆಸೆಂಟ್ ಮದ್ರಾಸಿನಲ್ಲಿ ತಮ್ಮದನ್ನು. ಯುದ್ಧ ನಡೆಯುತ್ತಿತ್ತು. ಭಾರತದ ಲಕ್ಷಾಂತರ ಸೈನಿಕರು ಸಾಮ್ರಾಜ್ಯಕ್ಕಾಗಿ ಹೋರಾಡುತ್ತಿರುವಾಗ ಸ್ವಯಮಾಡಳಿತ ಯಾಕಿಲ್ಲ ಎಂಬ ಪ್ರಶ್ನೆಗೆ ಸರ್ಕಾರದ ಹತ್ತಿರ ನೆಟ್ಟಗೆ ಉತ್ತರವಿರಲಿಲ್ಲ.

ಬೆಸೆಂಟ್‌ಗೆ ರಾಜಕೀಯ ಮತ್ತು ಶಿಕ್ಷಣ ಬೇರೆ ಬೇರೆಯಾಗಿರಲಿಲ್ಲ. ಸ್ವರಾಜ್ಯ ಬೇಕಾದರೆ ಅದನ್ನು ನಡೆಸುವ ಮಕ್ಕಳನ್ನು ತಯಾರು ಮಾಡಬೇಕು. ಅದಕ್ಕಾಗಿ ರಾಷ್ಟ್ರೀಯ ಶಿಕ್ಷಣದ ಸಂಘ. ಅದರ ಭಾಗವಾಗಿ 1917ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲ್ ಹುಟ್ಟಿತು. ಮಂಗಳೂರಿನಲ್ಲಿ ಮರುವರ್ಷ ಹೆಣ್ಣುಮಕ್ಕಳಿಗಾಗಿ ಬೆಸೆಂಟ್ ಹೆಸರಿನ ಶಾಲೆ ಶುರುವಾಯಿತು. ಇದೇ ಆಸುಪಾಸಿನಲ್ಲಿ, ಬನಾರಸ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾರ್ಜ್ ಅರುಂಡೇಲ್ ಜೊತೆ ಸೇರಿ ಇಂಡಿಯನ್ ಬಾಯ್ ಸ್ಕೌಟ್ಸ್ ಅಸೋಸಿಯೇಷನ್ ಕಟ್ಟಿದರು. ಬೇಡನ್ ಪವೆಲ್ ಅವರ ಪದ್ಧತಿಯೇ, ಆದರೆ ಹ್ಯಾಟಿನ ಬದಲು ಪೇಟ. ದಂಡಿನಲ್ಲಿ ಮುಚ್ಚಿದ್ದ ಬಾಗಿಲಿಗೆ ಇದು ಜವಾಬು. ನೀವು ಸೇರಿಸಿಕೊಳ್ಳಲ್ಲ ಅಂದ್ರೆ ನಾವೇ ಕಟ್ಟಿಕೊಳ್ತೀವಿ ಎನ್ನುವ ಜವಾಬು.

ಅವರೊಬ್ಬರೇ ಅಲ್ಲ. ಉತ್ತರದಲ್ಲಿ ಶ್ರೀರಾಮ ಬಾಜಪೇಯಿ ಅದಕ್ಕೂ ಮೊದಲೇ ಭಾರತೀಯ ಹುಡುಗರ ದಳ ಕಟ್ಟಿದ್ದರು. 1918ರಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಅವರೂ ಜೊತೆಯಾಗಿ ಅಲಹಾಬಾದಿನಲ್ಲಿ ಸೇವಾ ಸಮಿತಿ ಸ್ಕೌಟ್ ಸಂಘ ರೂಪುಗೊಂಡಿತು. ಕುಂಭಮೇಳದಂಥ ಜಾತ್ರೆಗಳಲ್ಲಿ ಜನಸೇವೆಗೆ ನಿಂತ ಹುಡುಗರನ್ನು ದೇಶ ನೋಡಿತು. ಭಾರತೀಯ ಮಕ್ಕಳು ಸ್ಕೌಟ್ ಆಗಲಾರರು ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

1917ರ ಜೂನ್‌ನಲ್ಲಿ ಮದ್ರಾಸ್ ಗವರ್ನರ್ ಪೆಂಟ್ಲೆಂಡ್ ಸರ್ಕಾರ ಬೆಸೆಂಟ್, ಅರುಂಡೇಲ್ ಮತ್ತು ಬಿ.ಪಿ. ವಾಡಿಯಾ ಮೂವರನ್ನೂ ಬಂಧನದಲ್ಲಿಟ್ಟಿತು. ಊಟಿಯಲ್ಲಿ ಇಟ್ಟ ಮನೆಯ ಮೇಲೆ ಬೆಸೆಂಟ್ ಕೆಂಪು ಹಸಿರಿನ ಹೋಂ ರೂಲ್ ಬಾವುಟ ಹಾರಿಸಿದರು. ದೇಶವೆಲ್ಲ ಪ್ರತಿಭಟನೆ. ಸೆಪ್ಟೆಂಬರ್‌ನಲ್ಲಿ ಬಿಡಲೇಬೇಕಾಯಿತು. ಈ ವಾಡಿಯಾ ಮುಂದೆ ಬೆಂಗಳೂರಿಗೆ ಬಂದು, 1945ರಲ್ಲಿ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕಟ್ಟಿದವರು.

ಅದೇ ಡಿಸೆಂಬರ್‌ನಲ್ಲಿ ಕಲ್ಕತ್ತಾ ಕಾಂಗ್ರೆಸ್ಸಿಗೆ ಬೆಸೆಂಟ್ ಅಧ್ಯಕ್ಷೆ. ಆ ಅಧಿವೇಶನ ದಲಿತರ ಮೇಲಿನ ಕಟ್ಟುಪಾಡುಗಳನ್ನು ತೆಗೆಯಬೇಕು ಎಂದು ನಿರ್ಣಯ ಅಂಗೀಕರಿಸಿತು. ಅಂಬೇಡ್ಕರ್ 1945ರಲ್ಲಿ ಪ್ರಕಟಿಸಿದ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ವಿಚಾರಿಸುವ ಪುಸ್ತಕ ಶುರುವಾಗುವುದೇ ಈ ವಿಚಿತ್ರ ಘಟನೆಯಿಂದ. 1909ರ ಲೇಖನವನ್ನು ಅವರು ಉದ್ದಕ್ಕೆ ಓದುಗರ ಮುಂದಿಟ್ಟರು. ಇಂಥದ್ದನ್ನು ಬರೆದವರ ಅಧ್ಯಕ್ಷತೆಯಲ್ಲಿ ಇಂಥ ನಿರ್ಣಯ ಬಂತೆಂದರೆ ಅದು ಮನಪರಿವರ್ತನೆ ಅಲ್ಲ, ಕಾಂಗ್ರೆಸ್–ಲೀಗ್ ಯೋಜನೆಗೆ ದಲಿತರ ಬೆಂಬಲ ಬೇಕಾಗಿದ್ದ ಲೆಕ್ಕಾಚಾರ ಎಂದು ಅವರು ಓದಿದರು.

ಯಾರ ಹೆಸರಲ್ಲಿ ಪ್ರತಿಜ್ಞೆ?

1921ರ ಆರಂಭದಲ್ಲಿ ಬೇಡನ್ ಪವೆಲ್ ಭಾರತಕ್ಕೆ ಬಂದರು. ಹೊರಗೆ ಅಷ್ಟೊಂದು ಭಾರತೀಯ ದಳಗಳು ಬೆಳೆದಿದ್ದರಿಂದ ಬಣ್ಣದ ಬೇಲಿಯನ್ನು ಇಟ್ಟುಕೊಂಡು ಕೂರಲು ಇನ್ನು ಸಾಧ್ಯವಿರಲಿಲ್ಲ. ಎಲ್ಲ ಸಂಘಗಳನ್ನೂ ಒಂದು ಮಾಡೋಣ ಎಂಬ ಮಾತು ನಡೆಯಿತು. ಬೆಸೆಂಟ್ ಒಪ್ಪಿದರು. ಅವರ ಸಂಘ ಬೇಡನ್ ಪವೆಲ್ ಸಂಘದೊಳಗೆ ಸೇರಿತು, ಅವರಿಗೆ ಭಾರತದ ಗೌರವ ಕಮಿಷನರ್ ಪದವಿ ಬಂತು.

ಸೇವಾ ಸಮಿತಿ ಒಪ್ಪಲಿಲ್ಲ. ಕಾರಣ ಪ್ರತಿಜ್ಞೆ. ದೇವರಿಗೂ ದೊರೆಗೂ ಕರ್ತವ್ಯ ಸಲ್ಲಿಸುತ್ತೇನೆ ಎನ್ನಬೇಕಿತ್ತು, ದೊರೆ ಅಂದರೆ ಲಂಡನ್ನಿನ ಚಕ್ರವರ್ತಿ. ಜಲಿಯನ್‌ವಾಲಾ ಬಾಗ್ ಆಗಿ ಎರಡು ವರ್ಷವೂ ಕಳೆದಿರಲಿಲ್ಲ. ಅಸಹಕಾರ ಚಳವಳಿಯಲ್ಲಿ ಹುಡುಗರು ಸರ್ಕಾರಿ ಶಾಲೆಗಳನ್ನೇ ಬಿಟ್ಟು ಬರುತ್ತಿದ್ದರು. ಆ ಹೊತ್ತಿನಲ್ಲಿ ಚಕ್ರವರ್ತಿಯ ಹೆಸರಲ್ಲಿ ಮೂರು ಬೆರಳೆತ್ತಿ ಪ್ರತಿಜ್ಞೆ ಮಾಡುವುದು ಹೇಗೆ?

ಬೆಸೆಂಟ್‌ಗೆ ಈ ಮುಳ್ಳು ಚುಚ್ಚಲಿಲ್ಲ. ಅವರು ಬಯಸಿದ ಸ್ವಯಮಾಡಳಿತ ಸಾಮ್ರಾಜ್ಯದ ಒಳಗಿನದು. ಗಾಂಧಿಯ ಅಸಹಕಾರವನ್ನು ವಿರೋಧಿಸಿ ಕಾಂಗ್ರೆಸ್ಸಿನಿಂದ ದೂರ ಸರಿದಿದ್ದರು. ಪ್ರತಿಜ್ಞೆಯ ಪದಗಳಿಂದಾಗಿ ಬ್ರಾಡ್ಲಾ ಸದನದ ಹೊರಗೆ ನಿಲ್ಲಬೇಕಾದಾಗ ಜೊತೆಗಿದ್ದವರು, ಈಗ ಅಂಥದೇ ಪ್ರತಿಜ್ಞೆಯ ಒಳಗಡೆ ನಿಂತಿದ್ದರು. ನಾಲ್ಕೇ ವರ್ಷದ ಹಿಂದೆ ಇಡೀ ದೇಶದ ಕಣ್ಮಣಿಯಾಗಿದ್ದವರು ಹೊಸ ಹುಡುಗರಿಗೆ ಹಳಬರಾಗಿಬಿಟ್ಟರು.

ಆಮೇಲಿನದು ಬೇಗ ಹೇಳಬಹುದು. 1925ರಲ್ಲಿ ಭಾರತಕ್ಕೊಂದು ಸ್ವಯಮಾಡಳಿತದ ಮಸೂದೆ ಸಿದ್ಧಪಡಿಸಿ ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಒಯ್ದರು, ಅದು ಪಾಸಾಗಲಿಲ್ಲ. ಜಗದ್ಗುರು ಆಗುತ್ತಾನೆಂದು ತಾವೇ ಬೆಳೆಸಿದ ಜಿಡ್ಡು ಕೃಷ್ಣಮೂರ್ತಿ 1929ರಲ್ಲಿ ಆ ಪಟ್ಟವನ್ನೇ ಬಿಸಾಕಿ ಹೊರನಡೆದರು. 1932ರಲ್ಲಿ ಸ್ಕೌಟ್ ಚಳವಳಿಯ ದೊಡ್ಡ ಗೌರವವಾದ ಸಿಲ್ವರ್ ವುಲ್ಫ್ ಬಂತು. 1933ರ ಸೆಪ್ಟೆಂಬರ್ 20ರಂದು ಅಡ್ಯಾರಿನಲ್ಲಿ ತೀರಿಕೊಂಡರು.

ಪ್ರತಿಜ್ಞೆಯ ಜಗಳ ಮಾತ್ರ ಅವರ ಜೊತೆ ಸಾಯಲಿಲ್ಲ. 1937ರಲ್ಲಿ ಮತ್ತೆ ಬಂದುಹೋದ ಬೇಡನ್ ಪವೆಲ್ ಭಾರತೀಯರ ನಡತೆಯ ಬಗ್ಗೆ ಹಗುರವಾಗಿ ಮಾತಾಡಿದರೆಂದು ಸಿಟ್ಟೆದ್ದು, ಮರುವರ್ಷ ಹಿಂದೂಸ್ತಾನ್ ಸ್ಕೌಟ್ ಅಸೋಸಿಯೇಷನ್ ಹುಟ್ಟಿತು. ಎಲ್ಲವೂ ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಗಿದ್ದು 1950ರ ನವೆಂಬರ್ 7ರಂದು, ಸಂವಿಧಾನ ಜಾರಿಗೆ ಬಂದ ವರ್ಷದಲ್ಲೇ. ಮರುವರ್ಷ ಹುಡುಗಿಯರ ಗೈಡ್ಸ್ ಸಂಘವೂ ಸೇರಿತು. ಬೆಂಗಳೂರಿನ ದಂಡು ಪ್ರದೇಶ ಅಷ್ಟರಲ್ಲಿ, 1947ರ ಜುಲೈನಲ್ಲಿ, ಮೈಸೂರಿಗೆ ಮರಳಿಯಾಗಿತ್ತು. ಪ್ರತಿಜ್ಞೆಯಲ್ಲಿ ದೊರೆ ಹೋಗಿ ದೇಶ ಬಂತು. ದೇವರು ಬೇಡ ಅನ್ನುವವರು ಆ ಜಾಗದಲ್ಲಿ ಧರ್ಮ ಎನ್ನಬಹುದು.

ಒಂದೇ ಪಾತ್ರೆಯ ಅನ್ನ

ಶಿಬಿರ ಅಂದರೆ ನಿಜಕ್ಕೂ ಏನು ಅಂತ ಒಮ್ಮೆ ಯೋಚಿಸಿ. ಆರೆಂಟು ಮಕ್ಕಳ ಒಂದು ತಂಡ. ಒಂದೇ ಟೆಂಟಿನಲ್ಲಿ ಮಲಗಬೇಕು, ತಾವೇ ಒಲೆ ಹೂಡಿ ಒಂದೇ ಪಾತ್ರೆಯಲ್ಲಿ ಬೇಯಿಸಬೇಕು, ಪಕ್ಕಪಕ್ಕ ಕೂತು ಉಣ್ಣಬೇಕು, ಸರದಿಯ ಮೇಲೆ ಕಸ ಗುಡಿಸಬೇಕು, ಪಾತ್ರೆ ತೊಳೆಯಬೇಕು. ಬೆಸೆಂಟ್ 1909ರಲ್ಲಿ ಯಾವ್ಯಾವುದಕ್ಕೆ ಹೆದರಿದ್ದರೋ, ಜೊತೆಗೆ ಕೂರುವುದು, ಊಟ, ಮೈಯ ಬೆವರು, ಶಿಬಿರ ನಿಂತಿರುವುದೇ ಅದರ ಮೇಲೆ. ಜಾತಿಗೆ ಇದಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ತಾವು ಬರೆದದ್ದಕ್ಕೆ ಪೂರ್ತಿ ಉಲ್ಟಾ ಆದ ಪದ್ಧತಿಯನ್ನು ಅವರೇ ಕೈಯಾರೆ ದೇಶಕ್ಕೆ ಹಂಚಿದರು. ಗೊತ್ತಿದ್ದೋ ಗೊತ್ತಿಲ್ಲದೆಯೋ.

ಹಾಗಂತ ಅವರ ಹೆಸರಿನ ಫಲಕ ಕೀಳಬೇಕು ಅನ್ನೋದು ನನ್ನ ವಾದ ಅಲ್ಲ. ಬಿಳಿಯರ ಬೇಲಿ ಮುರಿದ ಕೆಲಸದಲ್ಲಿ ಅವರ ಪಾಲು ದೊಡ್ಡದು, ಅದನ್ನು ಅಳಿಸೋಕಾಗಲ್ಲ. ಆದರೆ ಅಲ್ಲಿಗೆ ಬರುವ ಮಕ್ಕಳಿಗೆ ಅರ್ಧ ಕತೆ ಮಾತ್ರ ಹೇಳಿದರೆ ಅದು ಮೋಸ. ದಂಡಿನ ಬಾಗಿಲ ಕತೆಯ ಜೊತೆಗೆ ಇಂಡಿಯನ್ ರಿವ್ಯೂ ಲೇಖನದ ಕತೆಯನ್ನೂ ಹೇಳಿ, ಆಮೇಲೆ ಕುದ್ಮುಲ್ ರಂಗರಾಯರ ಕತೆಯನ್ನೂ ಹೇಳಿ. ಹದಿಮೂರು ವರ್ಷದ ಮಗುವಿಗೆ ಅಷ್ಟನ್ನು ಅರಗಿಸಿಕೊಳ್ಳುವ ಶಕ್ತಿ ಖಂಡಿತ ಇದೆ.

ಇದು ಹಳೇ ಕತೆ ಅಂತ ತಳ್ಳಿಹಾಕೋ ಹಾಗೂ ಇಲ್ಲ. ಕರ್ನಾಟಕದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುವ ನಿರ್ಧಾರ 2023ರಲ್ಲಿ ಬಂತು. ಅದೂ ಒಂದು ಪ್ರತಿಜ್ಞೆಯೇ, ದೊರೆಯಿಲ್ಲದ, ದೇವರಿಲ್ಲದ ಪ್ರತಿಜ್ಞೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿಯೂ ಬಂತು. ದಲಿತ ಮಕ್ಕಳನ್ನು. ಹಲಸೂರು ದಾಟಿ, ಇಂದಿರಾನಗರ ದಾಟಿ, ಕೆ.ಆರ್. ಪುರದಿಂದಾಚೆ ಪೂರ್ವಕ್ಕೆ ಹೋದರೆ ಮಾಲೂರು ಏನೂ ದೂರ ಇಲ್ಲ.

ಶಿಬಿರದಲ್ಲಿ ಸರದಿಯ ಮೇಲೆ ಎಲ್ಲರೂ ಕಸ ಗುಡಿಸುವುದಕ್ಕೂ, ಜಾತಿ ನೋಡಿ ಕೆಲವರನ್ನು ಗುಂಡಿಗೆ ಇಳಿಸುವುದಕ್ಕೂ ಇರುವ ವ್ಯತ್ಯಾಸವೇ ಪೀಠಿಕೆಯ ಅರ್ಥ. ಆದ್ದರಿಂದ ನಮ್ಮ ಪಕ್ಕದ ಶಾಲೆಯಲ್ಲಿ ಸ್ಕೌಟ್ ದಳವೋ, ಎನ್‌ಎಸ್‌ಎಸ್ ಶಿಬಿರವೋ, ಪೀಠಿಕೆಯ ಓದೋ ಯಾವುದೇ ನಡೆಯುತ್ತಿರಲಿ, ಪ್ರತಿಜ್ಞೆ ಕೇಳಿ ಚಪ್ಪಾಳೆ ತಟ್ಟಿ ಬರಬೇಡಿ. ಅಲ್ಲಿ ಅಡುಗೆ ಯಾರು ಮಾಡ್ತಾರೆ, ಯಾರ ಪಕ್ಕ ಯಾರು ಕೂತು ಉಣ್ತಾರೆ, ಶೌಚಾಲಯ ಯಾರು ತೊಳೀತಾರೆ ಅಂತ ಕೇಳಿ.